ಅಯ್ಯಾರ ಬಲಗಾಲು

ಜೂನ್ 10, ಸೋಮವಾರ. ಬೆಳಿಗ್ಗೆ

ಮತ್ತೆ ಫ್ಯಾನ್ ಬಂದ್ ಮಾಡಿಸಿದೆ. ಗಾಳಿ ತಗುಲಿದರೂ ಬಲಗಾಲಿಗೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ. ಶಿವಬಸಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, "ನಿಮ್ಮ ಒಂದು ಕಾಲಿನ ಸಲುವಾಗಿ ಮನಿಮಂದಿ ಎಲ್ಲಾ ಬೇಯಬೇಕೇನ್ರಿ?" ಅಂದಳು. ಮನೆಮಂದಿ ಅಂದರೆ ಅವಳು, ನಾನು, ಒಂದು ಬೆಕ್ಕು. ಹೆಂಡತಿ, ಬಯ್ಯಲಿ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಟ್ಟೆಗೆ... ಎಲ್ಲಿ ಕೂತರೂ ಈ ಕಾಲಿಗೆ ಮನಸ್ಸಿಲ್ಲ.

ಮಾರ್ಚ್‌ನಲ್ಲಿ ಜವಳಗೇರಾದಲ್ಲಿ ಗೃಹಪ್ರವೇಶ ಮಾಡಿಸಿ ಬರುವಾಗ ಭತ್ತದ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಬೈಕ್ ಜಾರಿತು. ಕಣಕಾಲು ಮುರಿಯಿತು. ಆಪರೇಷನ್ ಮಾಡಿ ಪ್ಲೇಟ್ ಹಾಕಿದರು. ಮೊನ್ನೆ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, "ಎಲುಬು ಛಲೋ ಕೂಡ್ಯಾದ್ರಿ" ಅಂದರು. ಹಾಗಾದರೆ ಉರಿ ಯಾಕೆ? ಅವರೂ ತಲೆ ಕೆರೆದುಕೊಂಡರು. ಇನ್ನು ಕೊಯ್ಯುವುದೂ ಇಲ್ಲ, ಚುಚ್ಚುವುದೂ ಇಲ್ಲ, ಲಿಂಗಸುಗೂರಿನಲ್ಲಿ ಒಬ್ಬ ಫಿಸಿಯೋಥೆರಪಿ ಮೇಡಂ ಇದ್ದಾರೆ, ಬರೇ ಸವರಿ ಸವರಿ ನರ ಸಮಾಧಾನ ಮಾಡ್ತಾರೆ, ಹೋಗಿ ಅಂದರು.

ಸವರಿ! ಧೋತರದ ಅಂಚು ತಾಗಿದರೆ ಹಾರುವ ಕಾಲು.

ಅದೇ ದಿನ, ಸಂಜೆ

ಸೋಮವಾರ ಅಂದರೆ ಎದೆ ಧಸಕ್ ಅನ್ನುತ್ತದೆ. ನನ್ನ ಪೂಜಾಸಾಮಾನಿನ ಅಂಗಡಿಗೆ ವಿಭೂತಿ, ಕರ್ಪೂರ ಒಯ್ಯಲು ಬರುವವರೆಲ್ಲ ಮೊದಲು ಬಗ್ಗುವುದು ನನ್ನ ಕಾಲಿಗೆ. "ಶರಣ್ರಿ ಅಯ್ಯಾರ!" ಎರಡೂ ಕೈ, ಎರಡೂ ಪಾದ. ಕೆಲವರು ಹಣೆಯನ್ನೂ ಒತ್ತುತ್ತಾರೆ. ಕಣ್ಣಿಗೆ ಕತ್ತಲೆ. "ಕಲ್ಯಾಣವಾಗಲಿ" ಅಂದೆ. ಹಲ್ಲು ಕಚ್ಚಿ ಆಶೀರ್ವಾದ ಮಾಡಿದರೂ ಹತ್ತುತ್ತದೋ ಇಲ್ಲವೋ.

ಹಿಂದಕ್ಕೆ ಎಳೆದುಕೊಳ್ಳುವ ಹಾಗಿಲ್ಲ. ಅಪ್ಪ ಹೇಳುತ್ತಿದ್ದ: "ಭಕ್ತರ ಕೈ ಬಂದಾಗ ಪಾದ ಹಿಂದ ಸರಿದ್ರ ಅವತ್ತೇ ನಿನ್ನ ಜಂಗಮತನ ಹೋತು ಅಂತ ತಿಳಿ." ಹೋಗುವುದೊಂದು ಬಾಕಿ.

ಮಸ್ಕಿಯಿಂದ ಫೋನ್. ನಮ್ಮ ಮನೆತನದ ಹಳೆಯ ಭಕ್ತೆ ಗುರುಲಿಂಗಮ್ಮನ ಮಗ ಸಿದ್ದಲಿಂಗೇಶ. "ಅವ್ವನ ಊಟ ಅರ್ಧ ರೊಟ್ಟಿಗೆ ಬಂದದ್ರಿ ಅಯ್ಯಾರ. ನಿಮ್ಮನ್ನೇ ಕೇಳಾಕತ್ಯಾಳ. ಕರಿಬಸಯ್ನೋರ ಬಲಗಾಲು ತಲಿ ಮ್ಯಾಲ ಬಿದ್ದ ಮ್ಯಾಗೇ ನಾ ಮಣ್ಣಿಗೆ ಹೋಗಾಕಿ, ಬ್ಯಾರೆ ಅಯ್ಯಾರು ಬ್ಯಾಡ ಅಂತ ಒಂದೇ ಹಟ."

ಆ ಮನೆಯ ಪದ್ಧತಿ. ಹೋದವರನ್ನು ಕೂರಿಸಿ, ವಿಭೂತಿ ಹಚ್ಚಿ, ಜಂಗಮ ಬಲಪಾದವನ್ನು ತಲೆಯ ಮೇಲಿಟ್ಟು ಮಂತ್ರ ಹೇಳಿದ ಮೇಲೆಯೇ ಮಣ್ಣು. ಅವಳ ಗಂಡನ ತಲೆಯ ಮೇಲೆ ಅಪ್ಪ ಇಟ್ಟಿದ್ದ. ಹಿರಿಮಗನ ತಲೆಯ ಮೇಲೆ ನಾನು. ಈಗ ಅವಳಿಗೆ ತೊಂಬತ್ತರ ಹತ್ತಿರ.

"ಶ್ರಾವಣದಾಗ ಪಾದಪೂಜಿಗೆ ಬರ್ತೀನಿ" ಅಂದೆ. ಕಾಲಿನ ವಿಷಯ ಹೇಳಲಿಲ್ಲ. ಬೆಕ್ಕಿನ ಬಾಲ ತಾಗಿದರೆ ಕೂಗುವವನು ತಲೆಯ ಮೇಲೆ ಹೇಗೆ ಇಡಲಿ?

ಜೂನ್ 13, ಗುರುವಾರ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗಿ ಬಂದೆ. ಬಸ್ಸು ಮಸ್ಕಿಯಲ್ಲಿ ನಿಂತಾಗ ಆಚೆ ಕಿಟಕಿಗೆ ಮುಖ ಮಾಡಿ ಕೂತೆ. ಪೊಲೀಸರಿಗೆ ಹೆದರುವ ಕಳ್ಳನ ಹಾಗೆ.

ಮೇಡಂ ಅಂದರೆ ಸಣ್ಣ ಹುಡುಗಿ. ಸಂಘಮಿತ್ರಾ. ದಿಂಬನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, "ಕಾಲು ಇಲ್ಲಿ ಇಡ್ರಿ ಸರ್" ಅಂದಳು. ಎಳೆದುಕೊಂಡೆ. ನೋವಿಗಲ್ಲ.

"ಹೆಣ್ಮಗಳ ತೊಡಿ ಮ್ಯಾಲ ಕಾಲಿಡೋದೇನವ್ವಾ?"

"ನನಗ ಇದು ಕಾಲ್ರಿ, ಅಷ್ಟೇ. ಬೆಳಿಗ್ಗಿಂದ ಏಳನೇದು."

ಅಯ್ಯಾರ ಅನ್ನುವುದಿಲ್ಲ ಈ ಹುಡುಗಿ. ಸರ್ ಅನ್ನುತ್ತಾಳೆ. ಯಾವ ಊರು ಅಂದೆ. ಮಸ್ಕಿ. ಯಾರ ಪೈಕಿ ಅಂದೆ — ಬಾಯಿಚಟ. ಅವಳಿಗೆ ಅರ್ಥವಾಯಿತು. ನಕ್ಕಳು.

"ಜೋಗಮ್ಮನ ಮೊಮ್ಮಗಳ್ರಿ. ಬೌದ್ಧರ ಮನಿ. ನಮ್ಮಜ್ಜಿ ಓಣಿ ತುದಿಗೆ ನಿಂತು ನಿಮ್ಮ ಅಪ್ಪಾರಿಗೆ ಕೈ ಮುಗೀತಿದ್ಲಂತ. ಪಾದ ಮುಟ್ಟಾಕ ಬಿಡ್ತಿರ್ಲಿಲ್ಲ. ಈಗ ನೋಡ್ರಿ ಸರ್, ನಾ ಮುಟ್ಟಿದ್ರ ನೀವೇ ಫೀ ಕೊಡ್ತೀರಿ!"

ನಗಬೇಕೋ ತಲೆ ತಗ್ಗಿಸಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ. ಕಾಲು ಇಟ್ಟೆ.

ಅಂಟುಪಟ್ಟಿ ಹಚ್ಚಿ ಸಣ್ಣ ಕರೆಂಟಿನ ಮಷಿನ್ ಹಾಕಿದಳು. ಇರುವೆ ಹರಿದ ಹಾಗೆ. ಆಮೇಲೆ ಹತ್ತಿ. ಮೊಳಕಾಲಿನಿಂದ ಶುರುಮಾಡಿ ಕೆಳಗೆ ಕೆಳಗೆ... ಬೆರಳು ಬೆರಳಿಗೂ ನಿಂತು ಕೇಳುತ್ತಾಳೆ, "ನೋವಾಗ್ತದೇನ್ರಿ?"

"ಇಲ್ಲ" ಅಂದೆ. ಅಭ್ಯಾಸ. ಬೆವರು ಗದ್ದಕ್ಕೆ ಇಳಿದಿತ್ತು. "ಸುಳ್ಳು ಹೇಳಬ್ಯಾಡ್ರಿ ಸರ್. ಎಲುಬು ಕೂಡ್ಯಾದ. ನರಕ್ಕ ಇನ್ನಾ ಆ ಸುದ್ದಿ ಮುಟ್ಟಿಲ್ಲ. ಅದು ಬಡಕೊಳ್ಳಾಕತ್ತದ. ನಾವು ಸಾವಕಾಶ ಹೇಳಿ ಒಪ್ಪಿಸಬೇಕು. ವಾರಕ್ಕ ಎರಡು ಸಲ ಬರ್ರಿ, ಮಂಗಳವಾರ, ಗುರುವಾರ."

ಬಸ್ಸಿನಲ್ಲಿ ಬರುವಾಗ ಯೋಚನೆ ಹತ್ತಿತು. ನೋವಾಗುತ್ತದೇನು — ಈ ಮಾತನ್ನು ನನ್ನ ಕಾಲಿಗೆ ಯಾರಾದರೂ ಕೇಳಿದ್ದು ನೆನಪಿಗೆ ಬರಲಿಲ್ಲ.

ಜೂನ್ 20, ಗುರುವಾರ

ಇವತ್ತು ಕನ್ನಡಿ. ಎರಡು ಕಾಲಿನ ನಡುವೆ ನಿಲ್ಲಿಸಿದಳು. ಬಲಗಾಲು ಹಿಂದೆ ಮರೆ. ಎಡಗಾಲನ್ನು ಸವರುತ್ತಾಳೆ, ನಾನು ಕನ್ನಡಿಯಲ್ಲಿ ನೋಡಬೇಕು. ಅಲ್ಲಿ ಕಾಣುವುದು ಬಲಗಾಲು ಅಂತ ಮಿದುಳು ನಂಬಬೇಕಂತೆ.

"ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದಂಗ ಆತಲ್ಲವ್ವಾ" ಅಂದೆ.

"ಹೂನ್ರಿ. ಆದ್ರ ಈ ಎತ್ತು ಎಮ್ಮಿ ನೋಡಿ ಕಲೀತದ."

ಕಲಿಯಿತೋ ಏನೋ. ಒಂದು ಕ್ಷಣ ಬಲಗಾಲಿನ ಮೇಲೆ ಹತ್ತಿ ಹರಿದಾಡಿದ್ದು ಕಂಡಿತು, ಉರಿ ಬರಲಿಲ್ಲ. ಖುಷಿಯಾಗಿ ಕಾಲು ಕುಣಿಸಿದೆ. ಕನ್ನಡಿ ಬಿತ್ತು. ಒಡೆಯಲಿಲ್ಲ, ಪುಣ್ಯ.

ಮನೆಯಲ್ಲೂ ಮಾಡಬೇಕು. ಶಿವಬಸಮ್ಮ ತನ್ನ ಮದುವೆಯ ಕನ್ನಡಿ ಕೊಡಲು ಅರ್ಧ ದಿನ ಸತಾಯಿಸಿದಳು. "ಮುಖಾ ನೋಡೋ ಕನ್ನಡಿಯಾಗ ಕಾಲು ನೋಡ್ತೀರಿ. ಮುಂದ ನನಗ ನನ್ನ ಮುಖಾ ಹೆಂಗ ಕಾಣಬೇಕು?"

ಜೂನ್ 25, ಮಂಗಳವಾರ

ಮತ್ತೆ ಮೊದಲಿನ ಹಾಗೆ. ಹತ್ತಿ ತೋರಿಸಿದರೇ ಕಾಲು ನಡುಗಿತು. ಸಂಘಮಿತ್ರಾ ಹತ್ತಿ ಕೆಳಗಿಟ್ಟಳು.

"ಸರ್, ಗುರುವಾರ ಛಲೋ ಇರ್ತೀರಿ. ಮಂಗಳವಾರ ಕೆಟ್ಟು ಬರ್ತೀರಿ. ನಡುವ ಏನ್ ಮಾಡ್ತೀರಿ?"

ಸೋಮವಾರದ ಕಥೆ ಹೇಳಿದೆ. ಹಣೆಗೆ ಕೈ ಹಚ್ಚಿಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು. ನಾನು ಮುಖ ಗಂಟು ಹಾಕಿದೆ. ಆಮೇಲೆ ಅವಳೂ ಗಂಭೀರ ಆದಳು.

"ಇದು ಅಂಥ ಕಾಲು ಅಂತ ಅವ್ರಿಗೆ ಗೊತ್ತಿಲ್ಲೇನ್ರಿ?"

"ಹೇಳಿಲ್ಲ."

"ಯಾಕ?"

ಯಾಕೆ ಅಂದರೆ... ದೇವರ ಕಾಲಿಗೆ ಕಾಯಿಲೆ ಅಂತ ಯಾರು ಹೇಳಿಕೊಳ್ಳುತ್ತಾರೆ? ಅವಳ ಮುಂದೆ ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ ಆಯಿತು.

"ಹೇಳ್ರಿ. ಇಲ್ಲಾಂದ್ರ ಇಲ್ಲಿ ಬರೋದು ಬಿಡ್ರಿ. ನಾ ಇಲ್ಲಿ ಕಟ್ಟೋದು, ಅವ್ರು ಅಲ್ಲಿ ಕೆಡವೋದು. ಹಿಂಗಾದ್ರ ಯಾವಾಗ ಮುಗೀತದ?"

ಜುಲೈ 1, ಸೋಮವಾರ

ಬೋರ್ಡ್ ಹಾಕಿದ್ದಾಯಿತು. ನನ್ನ ಕೈಯಿಂದ ಆಗಲಿಲ್ಲ, ಶಿವಬಸಮ್ಮನೇ ರಟ್ಟಿನ ಮೇಲೆ ಬರೆದು ಗಲ್ಲಾದ ಮುಂದೆ ತೂಗುಹಾಕಿದಳು: ಅಯ್ಯಾರ ಪಾದ ಮುಟ್ಟಬಾರದು. ಯಾಕೆ ಅಂತ ಬರೆಸಲಿಲ್ಲ ನಾನು. ಪಕ್ಕದ ಅಂಗಡಿಯ ಜುಲ್ಫಿಕರ್ ಎರಡು ಸೈಜ್ ದೊಡ್ಡ ಮೆತ್ತನೆಯ ಬೂಟು ಕೊಟ್ಟ. "ನೋಡ್ರಿ ಅಯ್ಯಾರ, ಇದರಾಗ ಕಾಲು ಹಾಕಿದ್ರ ನವಾಬರು!" ಧೋತರದ ಕೆಳಗೆ ಕರಿ ಬೂಟು. ಯಾತರ ಅವತಾರ.

ಜನ ಬೋರ್ಡ್ ಓದಿದರು. "ಹೌದಾ? ಅಯ್ಯಾರು ಏನೋ ವ್ರತ ಹಿಡಿದಾರ!" ಅಂದರು. ಒಬ್ಬ ಬೂಟಿಗೆ ಅಡ್ಡಬಿದ್ದ. ಇನ್ನೊಬ್ಬಳು ನನ್ನ ಊರುಗೋಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಊರುಗೋಲಿಗೆ ಒಂದು ಚೆಂಡುಹೂವಿನ ಸರ.

ಶಿವಬಸಮ್ಮ ಒಳಗೆ ಹೋಗಿ ನಕ್ಕು ನಕ್ಕು ಸುಸ್ತಾದಳು. ನನಗೆ ಸಿಟ್ಟು. ಆದರೆ ಕಾಲಿಗೆ ಒಂದು ಸೋಮವಾರ ಸಿಕ್ಕಿತು.

ಜುಲೈ 11, ಗುರುವಾರ

ರೇಷ್ಮೆ ತಡೆಯಿತು. ಟವೆಲ್ ಕೂಡ, ಕಣಕಾಲಿನವರೆಗೆ. ಬೆರಳಿನ ಹತ್ತಿರ ಇನ್ನೂ ಬೆಂಕಿ. ಮನೆಯಲ್ಲಿ ಫ್ಯಾನ್ ಒಂದನೇ ನಂಬರಿಗೆ ಬಂತು.

ಬರುವಾಗ ಮಸ್ಕಿಯಲ್ಲಿ ಸಿಕ್ಕಿಬಿದ್ದೆ. ಕಿಟಕಿಯ ಹೊರಗೆ ಸಿದ್ದಲಿಂಗೇಶ. "ಅಯ್ಯಾರ! ಇಳೀರಿ ಇಳೀರಿ, ಅವ್ವ ದಾರಿ ಕಾಯಾಕತ್ಯಾಳ!"

"ಸಿಂಧನೂರಾಗ ಲಗ್ನ ಅದಪಾ, ಹೊತ್ತಾಗ್ತದ" ಅಂದೆ. ಆಷಾಢ ಮಾಸದಲ್ಲಿ ಲಗ್ನ! ಅವನು ಕೈ ಮುಗಿದ. ಬಸ್ಸು ಬಿಟ್ಟ ಮೇಲೆ ಹೊಳೆಯಿತು. ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು.

ಇಳಿದಿದ್ದರೆ ಅವಳು ಮುಟ್ಟುತ್ತಿದ್ದಳು. ನಾನು ಕೂಗುತ್ತಿದ್ದೆ. ಆಮೇಲೆ ಅವಳಿಗೆ ಯಾರ ಕಾಲು?

ಆಗಸ್ಟ್ 8, ಗುರುವಾರ

ಬರೆಯುವುದೇ ಆಗಿರಲಿಲ್ಲ. ಕೂರಲು ಆಗದು, ನಿಲ್ಲಲು ಆಗದು. ಶ್ರಾವಣ ಬಂದುಬಿಟ್ಟಿತು.

ಸಂಘಮಿತ್ರಾಗೆ ಎಲ್ಲಾ ಹೇಳಿದೆ. ಸೋಮವಾರ ಮಸ್ಕಿಯಲ್ಲಿ ಪಾದಪೂಜೆ, ಆಮೇಲೆ ಎಂದೋ ಒಂದು ದಿನ ಆ ಮುದುಕಿಯ ತಲೆ. ಟಬ್ಬಿನಲ್ಲಿ ನೀರು ತಂದಳು. ಎಡಗಾಲು ಸುಲಭ. ಬಲಗಾಲು ಹಿಮ್ಮಡಿಯಷ್ಟೇ ಮುಳುಗಿಸಿ ತೆಗೆದೆ.

"ಎಡಗಾಲು ಅಷ್ಟೇ ತೊಳೀರಿ ಅಂತ ಹೇಳ್ರಿ ಸರ್."

"ಆ ಮುದುಕಿಗೆ ಹೆಂಗ ಹೇಳಲಿ?"

"ನನಗ ಹೇಳಿದಂಗ. ಬಾಯಿಲೆ."

ಆಗಸ್ಟ್ 12, ಸೋಮವಾರ. ಮಧ್ಯಾಹ್ನ, ಮಸ್ಕಿಯಿಂದ ಬಂದು

ಬರೆದುಬಿಡುತ್ತೇನೆ.

ಹೇಳಲಿಲ್ಲ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಪಡಸಾಲೆ ಸಾರಿಸಿ ರಂಗೋಲಿ ಹಾಕಿದ್ದರು. ಗುರುಲಿಂಗಮ್ಮ ಕಂಬಕ್ಕೆ ಒರಗಿ ಬತ್ತಿ ಹೊಸೆಯುತ್ತಾ ಕೂತಿದ್ದಳು, ಪಕ್ಕದಲ್ಲಿ ಹತ್ತಿಯ ಬುಟ್ಟಿ. ಕಣ್ಣು ಪೂರ್ತಿ ಮಸುಕು. ಕೈ ಮಾತ್ರ ತಾನೇ ನಡೆಯುತ್ತದೆ. "ಬಂದ್ರೇನ್ರಿ ಅಯ್ಯಾರ? ನಾ ಹೋಗೂದ್ರಾಗ ಬಂದ್ರಲ್ಲ, ಸಾಕು" ಅಂದಳು. ಆ ಮುಖ ನೋಡಿ ಜೋಡಿಸಿದ ಮಾತೆಲ್ಲ ಎಲ್ಲಿ ಹೋಯಿತೋ.

ತಡೆಯುತ್ತೇನೆ ಅಂದುಕೊಂಡೆ. ಬೂಟು ಬಿಚ್ಚಿ ಮಣೆಯ ಮೇಲೆ ಕೂತೆ, ಪಾದದ ಕೆಳಗೆ ಹಿತ್ತಾಳೆ ಪರಾತ. ಸೊಸೆ ತಂಬಿಗೆ ಹಿಡಿದಳು. ಮುದುಕಿ ತಡವರಿಸಿ ಮೊದಲು ಹಿಡಿದದ್ದೇ ಬಲಗಾಲು. ಮುಂಗಾಲು ಪೂರ್ತಿ ಮುಷ್ಟಿಯಲ್ಲಿ. ಮೇಲಿಂದ ತಣ್ಣೀರು.

"ಅಯ್ಯಯ್ಯೋ ಯವ್ವಾ!"

ನಾನೇ ಕೂಗಿದ್ದು. ಕಾಲು ತಾನೇ ಒದ್ದುಬಿಟ್ಟಿತು. ಪರಾತ ಮಗುಚಿ ಹೊಸ್ತಿಲ ತನಕ ಉರುಳಿತು. ನೀರು, ವಿಭೂತಿ, ಹೂ ಎಲ್ಲಾ ರಂಗೋಲಿಯ ಮೇಲೆ. ಅವಳಿಗೂ ತಾಗಿತೋ ಏನೋ, ಹಿಂದಕ್ಕೆ ಕೂತುಬಿಟ್ಟಳು. ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. ಸಿದ್ದಲಿಂಗೇಶ ಗೋಡೆಗೆ ಅಂಟಿ ನಿಂತ. ಅಯ್ಯಾರು ಪೂಜೆಯ ಪರಾತ ಒದ್ದರು! ಏನು ಅಪಚಾರ ಆಯಿತೋ ಅಂತ ಅವರ ಭಯ. ಸತ್ತೇ ಹೋಗಬೇಕು ಅನ್ನಿಸಿತು ನನಗೆ.

ಆಗ ಗುರುಲಿಂಗಮ್ಮ ನೆಲ ತಡವುತ್ತಾ ಮುಂದೆ ಸರಿದಳು. ಗಾಳಿಯಲ್ಲಿ ಕೈ ಚಾಚಿ ನನ್ನ ಮೊಳಕಾಲು ಹುಡುಕಿದಳು.

"ಯಾಕೋ ಕರಿಬಸ್ಯಾ? ನೋವಾತೇನೋ?"

ನಮ್ಮ ಅವ್ವ ಹೋದ ಮೇಲೆ ನನ್ನನ್ನು ಆ ಹೆಸರಿನಿಂದ ಯಾರೂ ಕರೆದಿಲ್ಲ. ಅಪ್ಪನ ಕೈ ಹಿಡಿದು ಆ ಮನೆಗೆ ಹೋಗುತ್ತಿದ್ದ ಕಾಲದಲ್ಲಿ ಇವಳು ಬೆಲ್ಲ ಕೊಟ್ಟು ಹಾಗೆ ಕರೆಯುತ್ತಿದ್ದಳು. ನನಗೆ ದೀಕ್ಷೆ ಆದ ದಿನದಿಂದ ಅವಳಿಗೂ ಅಯ್ಯಾರ ಆದೆ.

ಅತ್ತುಬಿಟ್ಟೆ. ಮಕ್ಕಳ ಹಾಗೆ, ಸಿದ್ದಲಿಂಗೇಶನ ಎದುರಿಗೇ. ಬೈಕ್ ಜಾರಿದ್ದು, ಪ್ಲೇಟು, ಬೋರ್ಡು, ಆಷಾಢದ ಲಗ್ನ, ಎಲ್ಲಾ ಹೇಳಿದೆ. ಮುದುಕಿ ಬಯ್ದಳು.

"ಹುಚ್ಚ ಖೋಡಿ! ಮೊದಲ ಬಾಯಿ ಬಿಡಬಾರದೇನು? ಇಷ್ಟು ವರ್ಷ ದೇವರ ಕಾಲು, ದೇವರ ಕಾಲು ಅಂತ ತೊಳದೆ. ದೇವರಿಗೇನು ನೋವು ಅಂತ ನಾನೂ ಕೇಳಲಿಲ್ಲ ನೋಡು."

"ನಿನ್ನ ತಲಿ ಮ್ಯಾಲ ಇಡೂದು ಹೆಂಗ ಅಂತ ಚಿಂತಿ ಯವ್ವಾ."

"ಇಡಬ್ಯಾಡ. ಎಡಗಾಲು ಇಡು. ಇಲ್ಲಾ ಬಿಡು, ನಾ ಹಂಗೇ ಹೋಗ್ತೀನಿ. ಸತ್ತಾಕಿ ಸಲುವಾಗಿ ಬದುಕಿದಾವ ಒದರಬೇಕೇನು?"

"ಬಲಗಾಲೇ ಇಡ್ತೀನಿ" ಅಂದೆ. ಎಲ್ಲಿಂದ ಬಂತೋ ಆ ಮಾತು.

ಆಮೇಲೆ ಕೇಳಿದಳು, ಆ ಹುಡುಗಿ ಅದೇನು ಮಾಡ್ತಾಳ? ಹತ್ತಿ ಸವರ್ತಾಳ ಅಂದೆ. "ಹತ್ತಿ ನನ್ನ ಕಡೀನೂ ಅದ" ಅಂದಳು. ಬುಟ್ಟಿಯಿಂದ ಹಿಡಿ ಹತ್ತಿ ತೆಗೆದು, ಮೊಳಕಾಲಿನಿಂದ ಶುರುಮಾಡಿ, ಬತ್ತಿ ಹೊಸೆದ ಕೈಯಲ್ಲಿ ಕೆಳಗೆ ಕೆಳಗೆ... ಬೆರಳಿಗೆ ಬರುವಾಗ ತಾನೇ ನಿಂತಳು. "ನೋವಾಗ್ತದೇನೋ?" ಆಗ್ತದ ಅಂದೆ. ಮೊದಲ ಸಲ ಸತ್ಯ ಹೇಳಿದೆ. ಅಲ್ಲಿಗೇ ಬಿಟ್ಟಳು.

ಪಾದೋದಕ ಇಲ್ಲದೆ ಅವಳು ಊಟ ಮಾಡುವವಳಲ್ಲ. ನೆಲದ ಮೇಲಿನ ನೀರಿನಲ್ಲಿ ಬೆರಳು ಅದ್ದಿ ಕಣ್ಣಿಗೆ, ನಾಲಿಗೆಗೆ ಹಚ್ಚಿಕೊಂಡಳು. "ಇದೇ ಸಾಕು. ನಡಿ, ಉಣ್ಣೂಣು." ಒಂದು ಇಡೀ ರೊಟ್ಟಿ ತಿಂದಳು.

ಆಗಸ್ಟ್ 15, ಗುರುವಾರ

ಸಂಘಮಿತ್ರಾಗೆ ಹೇಳಿದೆ. ಪರಾತ ಒದ್ದದ್ದು ಕೇಳಿ ನಕ್ಕಳು, ಹತ್ತಿಯ ಮಾತನ್ನು ಇನ್ನೊಮ್ಮೆ ಹೇಳಿಸಿದಳು. "ಆ ಅಮ್ಮನ ಕಡೆ ಬಿಡದೇ ಹೋಗ್ರಿ ಸರ್. ನನಗಿಂತ ಆಕಿ ಮಾತು ನಿಮ್ಮ ನರ ಕೇಳ್ತದ."

ಬರುವಾಗ ಮಸ್ಕಿಯಲ್ಲಿ ಇಳಿದೆ. ಇನ್ನು ಪ್ರತಿ ಸಲ ಇಳಿಯುವುದು.

ಬೋರ್ಡ್ ಬದಲಿಸಿದೆ. ನಾನೇ ಬರೆದೆ: ಕಾಲು ನೋವಾಗುತ್ತದೆ. ಮುಟ್ಟಬೇಡಿ. ಜನ ನಿಂತು ಓದುತ್ತಾರೆ. ಒಬ್ಬ ರೈತ, "ಅಯ್ಯಾರಿಗೂ ನೋವಾಗ್ತದೇನ್ರಿ!" ಅಂದ. ಆಗ್ತದಪಾ ಅಂದೆ. ಬೇವಿನೆಣ್ಣೆ ತಂದುಕೊಡುತ್ತೇನೆ ಅಂತ ಹೋದ.

ಆಗಸ್ಟ್ 29, ಗುರುವಾರ

ಇವತ್ತು ಹತ್ತಿ ಹೆಬ್ಬೆರಳು ದಾಟಿತು. ಗುರುಲಿಂಗಮ್ಮ ಹಿಗ್ಗಿ ಸೊಸೆಯನ್ನು ಕೂಗಿದಳು. ನನ್ನ ಕಾಲು ಅವಳ ತೊಡೆಯ ಮೇಲೇ ಇತ್ತು. ಅವಳ ರೊಟ್ಟಿ ಮತ್ತೆ ಅರ್ಧಕ್ಕೆ ಬಂದಿದೆ ಅಂತ ಸಿದ್ದಲಿಂಗೇಶ ಹೊರಗೆ ಕರೆದು ಹೇಳಿದ.

ಮುದುಕಿ ತಲೆ ಮುಂದೆ ಮಾಡಿ, "ಇಟ್ಟು ನೋಡೋ ಒಮ್ಮಿ, ಆಗ್ತದೋ ಇಲ್ಲೋ" ಅಂದಳು. ತಾಲೀಮು! ಬದುಕಿದವರ ತಲೆಯ ಮೇಲೆ ಕಾಲು ಇಡುತ್ತಾರೇನು? ಎದ್ದು ಹೊರಟೇಬಿಟ್ಟೆ. ಹಿಂದೆ ಅವಳ ನಗು.

ಸೆಪ್ಟೆಂಬರ್ 17, ಮಂಗಳವಾರ. ಸಂಜೆ

ಬೆಳಿಗ್ಗೆ ಫೋನ್ ಬಂತು. ಬೂಟು ಹಾಕಲಿಲ್ಲ. ಬಸ್ಸಿನ ಕಬ್ಬಿಣದ ಮೆಟ್ಟಿಲ ಮೇಲೆ ಬರಿಗಾಲು. ಸುಟ್ಟರೆ ಸುಡಲಿ.

ಕೂರಿಸಿದ್ದರು. ಅದೇ ಕಂಬ. ಬುಟ್ಟಿಯನ್ನು ಯಾರೋ ಒಳಗೆ ತೆಗೆದಿಟ್ಟಿದ್ದರು. ಹಣೆಯ ತುಂಬ ವಿಭೂತಿ. ಓಣಿ ಮಂದಿ ಎಲ್ಲಾ ಸೇರಿದ್ದರು. ಸಂಘಮಿತ್ರಾ ಕ್ಲಿನಿಕ್ ಬಿಟ್ಟು ಬಂದಿದ್ದಳು, ಪಡಸಾಲೆಯ ಒಳಗೇ ನಿಂತಿದ್ದಳು. ನನ್ನ ಕಾಲನ್ನೇ ನೋಡುತ್ತಿದ್ದಳು.

ಸಿದ್ದಲಿಂಗೇಶ ಮೆಲ್ಲಗೆ, "ಎಡಗಾಲು ಇಟ್ರೂ ನಡೀತದ್ರಿ ಅಯ್ಯಾರ, ಅವ್ವನೇ ಹೇಳ್ಯಾಳ" ಅಂದ. ಅವನ ಭುಜ ಹಿಡಿದು ಬಲಗಾಲು ಎತ್ತಿದೆ.

ಇಟ್ಟೆ. ಬಿಳಿ ಕೂದಲು, ಮೆತ್ತಗೆ. ಅದೇ ಹತ್ತಿ ಅನ್ನಿಸಿತು. ಆಮೇಲೆ ಕೂದಲ ಕೆಳಗಿನ ತಂಪು ತಾಗಿತು. ಉರಿ ಬೆರಳಿನಿಂದ ಮೊಳಕಾಲಿಗೆ ಏರಿತು. ಮಂತ್ರ ಪೂರ್ತಿ ಹೇಳಿದೆ, ಒಂದು ಅಕ್ಷರ ನುಂಗದೆ. ಮುಗಿದ ಮೇಲೂ ಕಾಲು ತೆಗೆಯಲಿಲ್ಲ. "ಸಾಕ್ರಿ ಅಯ್ಯಾರ" ಅಂದ ಸಿದ್ದಲಿಂಗೇಶ. ಇನ್ನೊಮ್ಮೆ ಅಂದ. ಹೆಂಗಸರು ಕಣ್ಣು ಒರೆಸಿಕೊಂಡರು. ಎಂಥ ಭಕ್ತಿ ಅಂದುಕೊಂಡಿರಬೇಕು.

ಭಕ್ತಿ ಅಲ್ಲ. ನೋವಾಗುತ್ತಿತ್ತು. ಇಷ್ಟು ನೋವಾದರೆ ಅವಳು ಸುಮ್ಮನೆ ಇರುವವಳಲ್ಲ. ಕಾಯುತ್ತಿದ್ದೆ. ಈಗ ಕೇಳುತ್ತಾಳೆ, ಈಗ ಕೆಳಗಿನಿಂದ ಕೇಳುತ್ತಾಳೆ, ಯಾಕೋ ಕರಿಬಸ್ಯಾ ಅಂತ, ನೋವಾತೇನೋ ಅಂತ.